ನಮ್ಮ ಮನೆ ವೈಫೈಗೆ ಯಾರ್ಯಾರು?

ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆಂದು ಬಂಧುಗಳ ಮನೆಗೆ ಹೋಗಿದ್ದೆ. ಊಟ ಮುಗಿದು ಪಡಸಾಲೆಯಲ್ಲಿ ಚಾಪೆ ಹಾಸುವ ಹೊತ್ತಿಗೆ ಮನೆಯ ಹುಡುಗ ಮುಖ ಗಂಟು ಹಾಕಿಕೊಂಡು ಬಂದ. 'ನೆಟ್ ಬರಾಕತ್ತಿಲ್ಲ, ಏನಾಗೇತಿ ನೋಡ್ರಿ.' ಗೋಡೆಯ ಗೂಡಿನಲ್ಲಿ ಕ್ಯಾಲೆಂಡರಿನ ಕೆಳಗೆ ರೂಟರ್ ತನ್ನ ಪಾಡಿಗೆ ಹಸಿರು ದೀಪ ಮಿಟುಕಿಸುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ರೂಟರಿನ ವಿಳಾಸ 192.168.1.1 ಒತ್ತಿ ಒಳಹೊಕ್ಕು ನೋಡಿದೆ. ಆ ಮನೆಯಲ್ಲಿ ವಾಸವಿರುವವರು ಆರು ಜನ. ವೈಫೈಗೆ ಅಂಟಿಕೊಂಡಿದ್ದ ಸಾಧನಗಳು 23.

ಒಂದೊಂದನ್ನೇ ಗುರುತಿಸುತ್ತ ಕೂತೆವು. ಟಿವಿ, ಬಾಗಿಲ ಮೇಲಿನ ಕ್ಯಾಮೆರಾ, ಹಿತ್ತಿಲ ಕ್ಯಾಮೆರಾ, ತೇರಿಗೆ ಬಂದವರ ಫೋನುಗಳು, ಪಕ್ಕದ ಮನೆಯ ಹೊಲಿಗೆಯಾಕೆಯ ಫೋನು (ಆಕೆಗೆ ಕೊಟ್ಟದ್ದು ಇವರೇ), ಮೂಲೆಯಲ್ಲಿ ಸತ್ತಂತೆ ಬಿದ್ದಿದ್ದ ಹಳೆಯ ಟ್ಯಾಬು. ಕೊನೆಗೆ ನಾಲ್ಕು ಉಳಿದವು. ಅವು ಯಾರವೆಂದು ಯಾರಿಗೂ ಗೊತ್ತಾಗಲಿಲ್ಲ. ಮನೆಯ ಯಜಮಾನರು ಹೇಳಿದ್ದು ಒಂದೇ ಮಾತು: 'ನಮ್ಮ ಮಂದಿ ಫೋನ್ ಅಷ್ಟೇ ಬರಂಗ ಮಾಡಿಬಿಡ್ರಿ.'

ಕೇಳಲು ಸಣ್ಣ ಬೇಡಿಕೆ. ಆದರೆ 'ನಮ್ಮ ಮಂದಿ' ಎಂದರೆ ಯಾರು ಎಂಬುದು ರೂಟರಿಗೆ ತಿಳಿಯದು. ಅದಕ್ಕೆ ಗೊತ್ತಿರುವುದು ಒಂದು ಸಂಖ್ಯೆ ಮತ್ತು ಒಂದು ಪಾಸ್‌ವರ್ಡ್ ಮಾತ್ರ. ಮನೆಯ ವೈಫೈಗೆ ಯಾವ ಸಾಧನವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಬಗ್ಗೆ ಇಪ್ಪತ್ತೈದು ವರ್ಷಗಳಿಂದ ನಡೆದಿರುವ ವಾದವೆಲ್ಲ ಮನುಷ್ಯರಿಗೂ ಸಂಖ್ಯೆಗೂ ನಡುವಿನ ಈ ಸಂದಿನಲ್ಲೇ ಹುಟ್ಟಿದ್ದು.

ಡಯಲಿಗೆ ಹಾಕಿದ ಬೀಗ

ಇಂಥ ಪ್ರಶ್ನೆ ನಮ್ಮ ಮನೆಗಳಿಗೆ ವೈಫೈ ಜೊತೆ ಬಂದದ್ದಲ್ಲ. 1980ರ ದಶಕದ ಮಧ್ಯದವರೆಗೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಗಾಳಿಯಲ್ಲಿ ಬರುವ ಅಲೆಯನ್ನು ಯಾವ ಪೆಟ್ಟಿಗೆ ಹಿಡಿಯಬಹುದು ಎಂಬ ಪಟ್ಟಿ ಆಗ ಸರ್ಕಾರದ ಕೈಯಲ್ಲಿತ್ತು.

ಫೋನಿನ ಕಾಲ ಇನ್ನೂ ಚೆನ್ನಾಗಿ ನೆನಪಿದೆ. ಬಳ್ಳಾರಿಯ ಬೀದಿಯೊಂದರಲ್ಲಿ ಒಂದು ಮನೆಗೆ ಫೋನು ಬಂತೆಂದರೆ ಅದು ಇಡೀ ಬೀದಿಯ ಫೋನು. ಮದುವೆ ಪತ್ರಿಕೆಗಳಲ್ಲಿ ನಂಬರಿನ ಮುಂದೆ 'ಪಿ.ಪಿ.' ಎಂದು ಅಚ್ಚಾಗುತ್ತಿತ್ತು. ಫೋನು ನಮ್ಮದಲ್ಲ, ಪಕ್ಕದವರದು, ಕರೆದರೆ ಕರೆದುಕೊಡುತ್ತಾರೆ ಎಂದು ಅದರರ್ಥ. ಬರುವ ಕರೆಗೆ ದುಡ್ಡಿಲ್ಲವಾದ್ದರಿಂದ ಔದಾರ್ಯವೂ ಸುಲಭವಾಗಿತ್ತು. ಹೋಗುವ ಕರೆಯದು ಬೇರೆ ಮಾತು. ಡಯಲಿನ ತೂತಿಗೆ ಒಂದು ಪುಟ್ಟ ಬೀಗ ಸಿಕ್ಕಿಸಿ, ಕೀಲಿಯನ್ನು ಮನೆಯ ಹಿರಿಯರು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಆ ಬೀಗ ಎಷ್ಟು ಗಟ್ಟಿಯಿತ್ತು ಎಂಬುದು ಆ ಕಾಲದ ಹುಡುಗರಿಗೆ ಗೊತ್ತು. ಡಯಲು ಮಾಡುತ್ತಿದ್ದುದು ತಂತಿಯ ಸಂಪರ್ಕವನ್ನು ಎಣಿಸಿದಷ್ಟು ಸಲ ಕಡಿದು ಸೇರಿಸುವ ಕೆಲಸ. ರಿಸೀವರ್ ಇಡುವ ಜಾಗದ ಗುಂಡಿಯನ್ನು ಲಯಬದ್ಧವಾಗಿ ಒತ್ತಿದರೂ ಅದೇ ಕೆಲಸ ಆಗುತ್ತಿತ್ತು. ಐದು ಸಲ ಟಕಟಕ ಎಂದರೆ ಐದು. ಬೀಗ ಡಯಲಿನ ಮೇಲೆ ಭದ್ರವಾಗಿ ಕೂತಿರುತ್ತಿತ್ತು, ಕರೆ ಪಕ್ಕದಿಂದ ಹೋಗಿಬಿಡುತ್ತಿತ್ತು. ಮುಂದೆ ವೈಫೈ ಬೀಗಗಳ ಕಥೆಯಲ್ಲಿ ಇದೇ ಘಟನೆ ಮತ್ತೆ ಮತ್ತೆ ಬರುತ್ತದೆ.

ತಂತಿ ಗಾಳಿಗೆ ಸೇರಿದ ಮೇಲೆ

ವೈಫೈಯ ಮೂಲ ಮಾನದಂಡ 802.11 ಬಂದದ್ದು 1997ರಲ್ಲಿ. ಅದರ ಜೊತೆಗೇ 'ವೆಪ್' ಎಂಬ ಬೀಗವೂ ಬಂತು. ತಂತಿ ಇದ್ದಾಗ ಎಷ್ಟು ಗೋಪ್ಯತೆಯೋ ಅಷ್ಟನ್ನು ಗಾಳಿಯಲ್ಲೂ ಕೊಡುತ್ತೇನೆ ಎಂದು ಅದರ ಹೆಸರೇ ಹೇಳುತ್ತಿತ್ತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಅದರೊಳಗಿನ ಗೂಢಲಿಪಿ ಬಳಕೆಯ ದೋಷ ತೋರಿಸಿದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಒಂದು ನಿಮಿಷದೊಳಗೆ ಅದನ್ನು ಮುರಿಯಬಹುದೆಂದು ಮಾಡಿ ತೋರಿಸಿದರು. ಅಷ್ಟರಲ್ಲಿ 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2 ಎಂಬ ಹೊಸ ಬೀಗಗಳು ಬಂದಿದ್ದವು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಅಲೆಪಟ್ಟಿಯನ್ನು ಲೈಸೆನ್ಸ್‌ನಿಂದ ಪೂರ್ತಿ ಬಿಡಿಸಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನ ದೊಡ್ಡ ಭಾಗಕ್ಕೆ ಆ ಭಾಗ್ಯ ಬಂದದ್ದು 2018ರ ಅಕ್ಟೋಬರಿನಲ್ಲಿ. ಹೀಗೆ ಸರ್ಕಾರ ಕೈಬಿಟ್ಟ ಪಟ್ಟಿ ಮನೆಯ ಯಜಮಾನನ ಕೈಗೆ ಬಂತು. ಆದರೆ ಆಗ ಹೆಚ್ಚಿನವರು ಆ ಪಟ್ಟಿಯನ್ನು ಬರೆಯಲೇ ಇಲ್ಲ. ರೂಟರ್ ತಂದರು, ಸ್ವಿಚ್ ಹಾಕಿದರು, ಬಾಗಿಲು ತೆರೆದೇ ಇತ್ತು.

ಅದರ ಬೆಲೆ 2008ರಲ್ಲಿ ತಿಳಿಯಿತು. ಆ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ, ಮರುದಿನ ಅಹಮದಾಬಾದಿನಲ್ಲಿ. ಅಹಮದಾಬಾದಿನ ಸ್ಫೋಟಕ್ಕೆ ಸ್ವಲ್ಪ ಮುಂಚೆ ಸುದ್ದಿಮನೆಗಳಿಗೆ ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದವನೊಬ್ಬನ ಮನೆ ಬಾಗಿಲಿಗೆ ಬಂದು ನಿಂತರು. ಆತನ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ಸೆಪ್ಟೆಂಬರಿನ ದೆಹಲಿ ಸ್ಫೋಟದ ಅಂಚೆಯೂ ಹೀಗೆಯೇ, ಮುಂಬೈಯ ಚೆಂಬೂರಿನ ಕಂಪನಿಯೊಂದರ ವೈಫೈಯಿಂದ ಹೋಗಿತ್ತು. 2009ರ ಆರಂಭದಲ್ಲಿ ಮುಂಬೈ ಪೊಲೀಸರು ಲ್ಯಾಪ್‌ಟಾಪ್ ಹಿಡಿದು ಬೀಗವಿಲ್ಲದ ವೈಫೈ ಹುಡುಕಿಕೊಂಡು ಬೀದಿಗಿಳಿದರು; ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈಯನ್ನು ಭದ್ರವಾಗಿಡುವ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಇಂದು ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಫೈಬರ್ ಹಾಕಲು ಬರುವ ಹುಡುಗ ಪಾಸ್‌ವರ್ಡ್ ಹಾಕದೆ ಮೆಟ್ಟಿಲಿಳಿಯುವುದಿಲ್ಲ. ಆ ಅಭ್ಯಾಸದ ಬೇರು ಆ ದಿನಗಳಲ್ಲಿದೆ.

ಪಟ್ಟಿಯವರ ವಾದ

ಕುರುಗೋಡಿನ ಯಜಮಾನರು ಕೇಳಿದ್ದಕ್ಕೆ ನೇರ ಉತ್ತರ ಕೊಡುವವರು ಇವರು. ಪ್ರತಿ ಫೋನಿಗೂ ಟಿವಿಗೂ ಮ್ಯಾಕ್ ವಿಳಾಸ ಎಂಬ ಒಂದು ಸಂಖ್ಯೆಯಿದೆ. ಅದನ್ನು ಬರೆದುಕೊಳ್ಳಿ, ರೂಟರಿನ 'ಮ್ಯಾಕ್ ಫಿಲ್ಟರ್' ಪುಟದಲ್ಲಿ ತುಂಬಿ, ಪಟ್ಟಿಯಲ್ಲಿದ್ದವರು ಮಾತ್ರ ಒಳಗೆ. ಪಾಸ್‌ವರ್ಡ್ ಯಾರ ಬಾಯಿಂದ ಯಾರ ಬಾಯಿಗೆ ಹೋದರೂ ಪಟ್ಟಿಯಲ್ಲಿಲ್ಲದ ಫೋನು ಸೇರಲಾರದು.

ಈ ವಾದದ ಶಕ್ತಿ ಇರುವುದು ಅದರ ಸಹಜತೆಯಲ್ಲಿ. ರೇಷನ್ ಕಾರ್ಡು, ಮತದಾರರ ಪಟ್ಟಿ ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ತೊಡಕಿರುವುದು ಆ ವಿಳಾಸದ ಸ್ವಭಾವದಲ್ಲಿ. 48 ಬಿಟ್‌ನ ಈ ಸಂಖ್ಯೆ 1980ರಲ್ಲಿ ಜೆರಾಕ್ಸ್, ಇಂಟೆಲ್, ಡಿಜಿಟಲ್ ಕಂಪನಿಗಳು ಸೇರಿ ರೂಪಿಸಿದ ಈಥರ್‌ನೆಟ್‌ನಿಂದ ಬಂದದ್ದು. ಒಂದೇ ತಂತಿಯಲ್ಲಿರುವ ಎರಡು ಯಂತ್ರಗಳು ಒಂದೇ ಹೆಸರಿಗೆ ಓಗೊಡದಿರಲಿ ಎಂಬುದಷ್ಟೇ ಅದರ ಉದ್ದೇಶ. ಅದನ್ನು ಗುರುತಿನ ಚೀಟಿ ಮಾಡಿದ್ದು ನಾವು. ಇನ್ನೂ ಮುಖ್ಯವಾಗಿ, ಡಬ್ಲ್ಯುಪಿಎ2 ಇರಲಿ, ಡಬ್ಲ್ಯುಪಿಎ3 ಇರಲಿ, ಕಳಿಸುವ ಮಾಹಿತಿ ಗೂಢವಾದರೂ ಮ್ಯಾಕ್ ವಿಳಾಸ ಲಕೋಟೆಯ ಮೇಲಿನ ಬರಹದಂತೆ ಬಯಲಾಗಿಯೇ ಹೋಗುತ್ತದೆ. ಬೀದಿಯಲ್ಲಿ ನಿಂತವನು ಅದನ್ನು ಓದಿ, ತನ್ನ ಲ್ಯಾಪ್‌ಟಾಪಿಗೆ ಅದೇ ಸಂಖ್ಯೆ ತೊಡಿಸಿಕೊಳ್ಳಬಹುದು.

ಪಟ್ಟಿಗೆ ದೊಡ್ಡ ಪೆಟ್ಟು ಬಿದ್ದದ್ದು ಮಾತ್ರ ಕಳ್ಳರಿಂದಲ್ಲ, ಫೋನ್ ತಯಾರಕರಿಂದ. ಫೋನುಗಳು ಹೋದಲ್ಲೆಲ್ಲ ತಮ್ಮ ವಿಳಾಸ ಕೂಗಿಕೊಳ್ಳುತ್ತಿದ್ದುದರಿಂದ ಅಂಗಡಿಗಳು, ಜಾಹೀರಾತಿನವರು ಅದನ್ನು ಹಿಡಿದು ಜನರ ಓಡಾಟ ಲೆಕ್ಕ ಹಾಕತೊಡಗಿದ್ದರು. 2013ರಲ್ಲಿ ಲಂಡನ್ನಿನ ಕಸದ ತೊಟ್ಟಿಗಳೇ ದಾರಿಹೋಕರ ಫೋನು ಎಣಿಸುತ್ತಿವೆ ಎಂದು ಗೊತ್ತಾಗಿ ಗಲಾಟೆಯಾಯಿತು. ಅದಕ್ಕೆ ಮದ್ದಾಗಿ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಪ್ರತಿ ವೈಫೈಗೂ ಒಂದೊಂದು ಸುಳ್ಳು ವಿಳಾಸ ಕೊಡತೊಡಗಿದವು. ಬಜಾರಿನಲ್ಲಿ ನಿಮ್ಮನ್ನು ಕಾಯುವ ಆ ಮುಖವಾಡವೇ ನಿಮ್ಮ ಸ್ವಂತ ಮನೆಯಲ್ಲಿ ನಿಮ್ಮನ್ನು ಅಪರಿಚಿತರನ್ನಾಗಿ ಮಾಡುತ್ತದೆ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ ತಂದಿರೋ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ.

ಸುಳ್ಳು ವಿಳಾಸ ಗುರುತಿಸಲು ಒಂದು ಉಪಾಯವಿದೆ, ಯಾರು ಬೇಕಾದರೂ ನೋಡಿಕೊಳ್ಳಬಹುದು. ಹನ್ನೆರಡು ಅಕ್ಷರಗಳ ಆ ವಿಳಾಸದಲ್ಲಿ ಎರಡನೆಯದು 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯಲ್ಲಿ ಅಚ್ಚಾದದ್ದಲ್ಲ, ಫೋನು ತಾನೇ ಕಟ್ಟಿಕೊಂಡದ್ದು. ಕುರುಗೋಡಿನಲ್ಲಿ ಗುರುತು ಸಿಗದೆ ಉಳಿದ ನಾಲ್ಕರಲ್ಲಿ ಮೂರು ಅಂಥವೇ. ಹೆಸರಿನ ಜಾಗದಲ್ಲಿ ಗೆರೆ, ಕಂಪನಿಯ ಜಾಗದಲ್ಲೂ ಗೆರೆ. ನಾಲ್ಕನೆಯದು, ತಿಂಗಳ ಹಿಂದೆ ಬಂದ ನೀರಿನ ಫಿಲ್ಟರು ಎಂದು ಆಮೇಲೆ ಗೊತ್ತಾಯಿತು! ನೀರು ಶುದ್ಧ ಮಾಡಲು ಅದಕ್ಕೆ ಇಂಟರ್‌ನೆಟ್ ಯಾಕೆ ಬೇಕು ಎಂದು ಅಜ್ಜಿ ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮ್ಯಾಕ್ ಪಟ್ಟಿ ಒಳ್ಳೆಯ ಹಾಜರಿ ಪುಸ್ತಕ. ಯಾರು ಕೂತಿದ್ದಾರೆ ಎಂದು ನೋಡಿಕೊಳ್ಳಲು ಅದು ಬೇಕು. ಬಾಗಿಲು ಕಾಯುವ ಕೆಲಸ ಅದಕ್ಕೆ ಒಪ್ಪಿಸಿದವರು ಡಯಲಿಗೆ ಬೀಗ ಹಾಕಿ ನಿಶ್ಚಿಂತೆಯಿಂದ ಮಲಗಿದವರೇ.

ಪಾಸ್‌ವರ್ಡಿನವರ ವಾದ

ತಂತ್ರಜ್ಞರಲ್ಲಿ ಹೆಚ್ಚಿನವರು ಈ ಗುಂಪಿನವರು. ಪಟ್ಟಿ ಬಿಡಿ, ವೈಫೈ ಹೆಸರು ಅಡಗಿಸಿಡುವ ಆಟವನ್ನೂ ಬಿಡಿ, ಗೂಢಲಿಪಿ ಗಟ್ಟಿಯಿರಲಿ, ಪಾಸ್‌ವರ್ಡ್ ಉದ್ದವಿರಲಿ, ಅಷ್ಟು ಸಾಕು ಎನ್ನುತ್ತಾರೆ. ಗಣಿತ ಅವರ ಕಡೆಗಿದೆ. ಆದರೆ ನಮ್ಮ ಊರಿನ ಪದ್ಧತಿ ಅವರ ಕಡೆಗಿಲ್ಲ.

ನಮ್ಮಲ್ಲಿ ಪಾಸ್‌ವರ್ಡ್ ಎಂದರೆ ಬಹಳ ಮನೆಗಳಲ್ಲಿ ಯಜಮಾನರ ಮೊಬೈಲ್ ನಂಬರ್. ಮರೆಯುವುದಿಲ್ಲ, ಹೇಳಲು ಸುಲಭ. ಲೆಕ್ಕ ಹಾಕಿ ನೋಡೋಣ. ಭಾರತದ ಮೊಬೈಲ್ ಸಂಖ್ಯೆ 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿ. ಒಟ್ಟು ಸಾಧ್ಯತೆ 400 ಕೋಟಿ. ಡಬ್ಲ್ಯುಪಿಎ2ರಲ್ಲಿ ಫೋನು ರೂಟರಿಗೆ ಸೇರುವ ಕ್ಷಣದ ಮಾತುಕತೆಯನ್ನು ಒಮ್ಮೆ ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ಕೂತು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಬಹುದು. ಆಟಕ್ಕೆಂದು ಮಾರುವ ದುಬಾರಿ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡ್ ಪರೀಕ್ಷಿಸಬಲ್ಲದು. 400 ಕೋಟಿಗೆ ಎರಡು ಸಾವಿರ ಸೆಕೆಂಡು, ಅಂದರೆ ಅರ್ಧ ಗಂಟೆ ಚಿಲ್ಲರೆ. ಪಕ್ಕದ ಮನೆಯವನಿಗಂತೂ ಆ ಕಷ್ಟವೂ ಇಲ್ಲ, ನಂಬರ್ ಅವನ ಫೋನಿನಲ್ಲೇ ಇದೆ.

ಪಾಸ್‌ವರ್ಡ್ ಗಟ್ಟಿಯಿದ್ದೂ ಸೋತ ಕಥೆಯೂ ಒಂದಿದೆ. ಉದ್ದ ಪಾಸ್‌ವರ್ಡ್ ಒತ್ತುವ ತಾಪತ್ರಯ ತಪ್ಪಿಸಲು ರೂಟರುಗಳಲ್ಲಿ ಡಬ್ಲ್ಯುಪಿಎಸ್ ಎಂಬ ಎಂಟಂಕಿಯ ಪಿನ್ ಸೌಕರ್ಯ ಬಂತು. 2011ರ ಕೊನೆಗೆ ಸ್ಟೆಫಾನ್ ಫೀಬ್ಯೋಕ್ ಎಂಬಾತ ಅದರ ಗುಟ್ಟು ಬಿಚ್ಚಿಟ್ಟ: ರೂಟರ್ ಆ ಪಿನ್ನನ್ನು ಎರಡು ತುಂಡು ಮಾಡಿ ಬೇರೆ ಬೇರೆಯಾಗಿ ಸರಿ ತಪ್ಪು ಹೇಳುತ್ತದೆ, ಕೊನೆಯ ಅಂಕಿಯೋ ಬರೀ ತಾಳೆ ನೋಡುವುದಕ್ಕೆ. ಕೋಟಿಗಟ್ಟಲೆ ಇರಬೇಕಾದ ಸಾಧ್ಯತೆ 11 ಸಾವಿರಕ್ಕೆ ಇಳಿಯಿತು. ಬಳ್ಳಾರಿಯವರಿಗೆ ಇಂಥ ಕಥೆ ಹೊಸದೇನಲ್ಲ. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಬಳ್ಳಾರಿ ಗುಡ್ಡದ ಕೋಟೆ ಭದ್ರ ಮಾಡಿಸಿದ, ಆಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಇದಕ್ಕಿಂತ ಎತ್ತರ, ಅಲ್ಲಿಂದ ಕೋಟೆಯೊಳಗೆಲ್ಲ ಕಾಣುತ್ತದೆ, ಸಿಟ್ಟಿಗೆದ್ದು ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂದು ಊರಲ್ಲಿ ಹೇಳುತ್ತಾರೆ. ನಿಜವೋ ದಂತಕಥೆಯೋ, ಗೋಡೆಯಲ್ಲಿ ದೋಷವಿರಲಿಲ್ಲ. ನಿಮ್ಮ ರೂಟರಿನಲ್ಲಿ ಡಬ್ಲ್ಯುಪಿಎಸ್ ಪಿನ್ ಚಾಲೂ ಇದ್ದರೆ ಇವತ್ತೇ ಆರಿಸಿಬಿಡಿ.

2018ರಲ್ಲಿ ಬಂದ ಡಬ್ಲ್ಯುಪಿಎ3 ಮನೆಗೆ ಒಯ್ದು ಊಹಿಸುವ ದಾರಿಯನ್ನು ಮುಚ್ಚಿತು. ಪ್ರತಿ ಊಹೆಗೂ ರೂಟರಿನ ಎದುರೇ ನಿಲ್ಲಬೇಕು. ಮರುವರ್ಷವೇ ಅದರಲ್ಲೂ 'ಡ್ರಾಗನ್‌ಬ್ಲಡ್' ಎಂಬ ಬಿರುಕುಗಳನ್ನು ತೋರಿಸಿದರು, ತೇಪೆಗಳು ಬಂದವು. ಆದರೂ ಹಳೆಯ ಫೋನು, ಹಳೆಯ ಟಿವಿಗೆ ಡಬ್ಲ್ಯುಪಿಎ3 ಗೊತ್ತಿಲ್ಲದ ಕಾರಣ ರೂಟರುಗಳು ಎರಡೂ ಬಾಗಿಲು ತೆರೆದಿಟ್ಟುಕೊಂಡೇ ಬರುತ್ತವೆ.

ಈ ಪಂಥ ಉತ್ತರಿಸದ ಪ್ರಶ್ನೆಯೆಂದರೆ ಒಬ್ಬರನ್ನು ಹೊರಗೆ ಕಳಿಸುವುದು ಹೇಗೆ ಎಂಬುದು. ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಕೆಲಸ ಬಿಟ್ಟು ಹೋದವನಿಗೆ, ಜಗಳವಾಡಿದ ಷಡ್ಡಕನಿಗೆ ವೈಫೈ ತಪ್ಪಿಸಬೇಕಾದರೆ ಪಾಸ್‌ವರ್ಡ್ ಬದಲಿಸಬೇಕು, ಬದಲಿಸಿದರೆ ಟಿವಿ, ಕ್ಯಾಮೆರಾ, ಬಲ್ಬುಗಳನ್ನೆಲ್ಲ ಏಣಿ ಹತ್ತಿ ಮತ್ತೆ ಜೋಡಿಸಬೇಕು. ಅದರ ಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ವೈಫೈಯನ್ನು ಕ್ಯೂಆರ್ ಚಿತ್ರವಾಗಿ ತೋರಿಸುವ ಸೌಕರ್ಯವಿದೆ. ಆ ಚಿತ್ರದೊಳಗೆ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಕೂತಿರುತ್ತದೆ. ತೇರಿಗೆ ಬಂದ ಒಬ್ಬ ಅತಿಥಿ ಸಾಕು, ಸಂಜೆಯೊಳಗೆ ಅದು ಇಡೀ ಓಣಿಯದಾಗಲು.

ಬೇರೆ ಕೋಣೆ

ಮೂರನೆಯವರು ಬಾಗಿಲಿನ ವಿಷಯವನ್ನು ಪಕ್ಕಕ್ಕಿಟ್ಟು ಮನೆಯೊಳಗಿನ ಗೋಡೆಯ ಮಾತೆತ್ತುತ್ತಾರೆ. ಬಂದವರನ್ನು ಪಡಸಾಲೆಯಲ್ಲಿ ಕೂರಿಸಿ, ಅಡುಗೆಮನೆ, ದೇವರಮನೆಗೆ ಬಿಡಬೇಡಿ ಎಂಬ ಹಳೆಯ ಕ್ರಮವೇ ಇಲ್ಲಿ 'ಗೆಸ್ಟ್ ನೆಟ್‌ವರ್ಕ್'. ಅತಿಥಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರು ಕಾಣುವುದಿಲ್ಲ.

2016ರಲ್ಲಿ 'ಮಿರಾಯ್' ಎಂಬ ಹುಳು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡು ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನು ಮುಳುಗಿಸಿದ ಮೇಲೆ ಈ ವಾದಕ್ಕೆ ಬಲ ಬಂತು. ಅತಿಥಿಗಿಂತ ನಮ್ಮದೇ ಕ್ಯಾಮೆರಾ, ಬಲ್ಬು, ನೀರಿನ ಫಿಲ್ಟರನ್ನು ಬೇರೆ ಕೋಣೆಯಲ್ಲಿಡಿ ಎಂದು ಇವರು ಈಗ ಹೇಳುತ್ತಾರೆ. ಬಳ್ಳಾರಿಯಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಇಲ್ಲಿ ಜೀನ್ಸ್ ಹೊಲಿಗೆ ಎಷ್ಟೋ ಮನೆಗಳ ಒಳಗೇ ನಡೆಯುತ್ತದೆ. ಕೆಳಗೆ ಯಂತ್ರಗಳು, ಮೇಲೆ ಸಂಸಾರ, ಎರಡಕ್ಕೂ ಒಂದೇ ರೂಟರ್. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ತೂಕದ ಕಂಪ್ಯೂಟರಿಗೂ ಲಾರಿ ಕಾಯುವ ಚಾಲಕನ ಫೋನಿಗೂ ಒಂದೇ ವೈಫೈ ಇದ್ದರೆ ಅದು ಮನೆಯೋ ಗಿರಣಿಯೋ ಎಂದು ರೂಟರ್ ಕೇಳುವುದಿಲ್ಲ. ಅಂಥಲ್ಲಿ ಗೋಡೆ ಬೇಕೇ ಬೇಕು.

ಮನೆಯಲ್ಲಿ ಮಾತ್ರ ಗೋಡೆ ಬಹಳ ದಿನ ನಿಲ್ಲುವುದಿಲ್ಲ. ಊರಿಂದ ಬಂದ ಸೋದರಮಾವ ಮೊಮ್ಮಗನ ನಾಮಕರಣದ ವಿಡಿಯೋವನ್ನು ದೊಡ್ಡ ಟಿವಿಯಲ್ಲಿ ತೋರಿಸಹೊರಟರೆ ಗೆಸ್ಟ್ ನೆಟ್‌ವರ್ಕಿನಿಂದ ಟಿವಿ ಕಾಣುವುದಿಲ್ಲ. 'ನಿಮ್ದು ಹಾಕ್ಕೊಡ್ರಿ' ಎನ್ನುತ್ತಾರೆ. ಮಾವನಿಗೆ ಪಡಸಾಲೆಯ ವೈಫೈ ಸಾಕು ಎಂದು ಹೇಳುವ ಅಳಿಯ ಇನ್ನೂ ಹುಟ್ಟಿಲ್ಲ.

ತೂಬಿನ ಲೆಕ್ಕ

ಇನ್ನು ಕೆಲವರು ಯಾರು ಎಂಬ ಪ್ರಶ್ನೆಯನ್ನೇ ಬಿಟ್ಟು ಎಷ್ಟು ಎಂದು ಕೇಳುತ್ತಾರೆ. ಸಿರುಗುಪ್ಪದವರಿಗೆ ಈ ದಾರಿ ಹೇಳಿಕೊಡಬೇಕಾಗಿಲ್ಲ. ಸಿರುಗುಪ್ಪ, ದೇಶನೂರಿನ ಕಾಲುವೆಗಳು ವಿಜಯನಗರದ ಕಾಲದವು. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ಬಂದದ್ದು ಆಮೇಲೆ. ಮೇಲಿನವನು ತೂಬು ಎತ್ತಿಬಿಟ್ಟರೆ ಕೊನೆಯ ಭಾಗದ ಗದ್ದೆಗೆ ಏನು ಬರುತ್ತದೆ ಎಂಬುದು ಅಲ್ಲಿನ ಭತ್ತ ಬೆಳೆಯುವವರಿಗೆ ಚೆನ್ನಾಗಿ ಗೊತ್ತು. ಹಕ್ಕು ಎಲ್ಲರಿಗೂ ಇದೆ, ಜಗಳವೆಲ್ಲ ಪಾಳಿಯದು.

ವೈಫೈಯಲ್ಲೂ ಹಂಚಿಕೆಯಾಗುವುದು ಮೂಲತಃ ಪಾಳಿಯೇ. ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಮಾತನಾಡುವುದು ಸಾಮಾನ್ಯವಾಗಿ ಒಂದೇ ಸಾಧನ. ಬೇಸಿಗೆಯಲ್ಲಿ ಬಳ್ಳಾರಿಯ ಧಗೆ ತಾಳದೆ ಮಾಳಿಗೆಯ ಮೇಲೆ ಮಲಗಿದವನ ಫೋನಿಗೆ ಸಿಗ್ನಲ್ ಕ್ಷೀಣ. ಅದು ನಿಧಾನವಾಗಿ ತೊದಲುತ್ತ ಮಾತಾಡುತ್ತದೆ; ಅದು ಮುಗಿಸುವವರೆಗೆ ರೂಟರಿನ ಪಕ್ಕದಲ್ಲೇ ಕೂತ ವೇಗದ ಫೋನೂ ಕಾಯಬೇಕು. ಹೀಗಾಗಿ ಮಾಳಿಗೆಯ ಒಂದು ಹಳೆಯ ಫೋನು ಕಡಿಮೆ ಡೇಟಾ ಬಳಸಿಯೂ ಇಡೀ ಮನೆಯನ್ನು ನಿಧಾನ ಮಾಡಬಲ್ಲದು. ಕುರುಗೋಡಿನಲ್ಲಿ ಆ ಸಂಜೆ ನೆಟ್ ನಿಂತದ್ದಕ್ಕೂ ಗುರುತಿಲ್ಲದ ನಾಲ್ಕಕ್ಕೂ ಸಂಬಂಧವಿರಲಿಲ್ಲ. ಟಿವಿಯಲ್ಲಿ ಯಾರೋ ಹಚ್ಚಿಟ್ಟು ಎದ್ದುಹೋಗಿದ್ದ 4ಕೆ ವಿಡಿಯೋ ಒಂದೇ 20 ಎಂಬಿಪಿಎಸ್ ಸುತ್ತ ನುಂಗುತ್ತಿತ್ತು. ಅವರ ಪ್ಲಾನೇ 30ರದು. ನೆಟ್ ನಿಧಾನ ಎಂದ ಕೂಡಲೇ ಕಳ್ಳನನ್ನು ಹುಡುಕುವುದು ನಮ್ಮ ಸ್ವಭಾವ. ಕಾರಣ ಹೆಚ್ಚಿನ ಸಲ ಮನೆಯೊಳಗೇ ಇರುತ್ತದೆ.

ಬಾಗಿಲು ತೆಗೆದಿಡುವವರು

2008ರ ಜನವರಿಯಲ್ಲಿ, ಅಂದರೆ ನಮ್ಮ ಪೊಲೀಸರು ನವಿ ಮುಂಬೈಯ ಆ ಬಾಗಿಲು ತಟ್ಟುವ ಆರು ತಿಂಗಳ ಮುಂಚೆ, ಅಮೆರಿಕದ ಹೆಸರಾಂತ ಭದ್ರತಾ ತಜ್ಞ ಬ್ರೂಸ್ ಶ್ನಾಯರ್ ತನ್ನ ಮನೆಯ ವೈಫೈಗೆ ಬೀಗವೇ ಇಲ್ಲವೆಂದು ಬರೆದು ಎಲ್ಲರನ್ನೂ ಬೆಚ್ಚಿಬೀಳಿಸಿದ. ಬಂದವರಿಗೆ ಚಹಾ ಕೊಟ್ಟಂತೆ ಇದೂ ಒಂದು ಮರ್ಯಾದೆ, ಭದ್ರತೆ ಬೇಕಿರುವುದು ಕಂಪ್ಯೂಟರಿಗೆ, ವೈಫೈಗಲ್ಲ ಎಂಬುದು ಆತನ ತರ್ಕ. ಬರ್ಲಿನ್ನಿನ 'ಫ್ರೈಫುಂಕ್' ಬಳಗ 2000ದ ದಶಕದ ಆರಂಭದಿಂದಲೂ ನೆರೆಹೊರೆಯ ರೂಟರುಗಳನ್ನು ಹೆಣೆದು ಮುಕ್ತ ಜಾಲ ಕಟ್ಟುತ್ತ ಬಂದಿದೆ. ಅದೇ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಮನೆಯವರು ವೈಫೈಗೆ ಬೀಗ ಹಾಕಲೇಬೇಕು, ಇಲ್ಲವಾದರೆ ಇತರರ ತಪ್ಪಿಗೂ ಹೊಣೆ ಎಂದಿತು. 2017ರಲ್ಲಿ ಕಾನೂನು ತಿದ್ದಿ ಆ ಹೊಣೆಯನ್ನು ಸಡಿಲಿಸಿದರು. ಒಂದೇ ದೇಶ ಏಳು ವರ್ಷದಲ್ಲಿ ಎರಡು ಮಾತಾಡಿತು.

ನಮ್ಮಲ್ಲೂ ಎರಡು ಮಾತಿದೆ. 2009ರಲ್ಲಿ ಭದ್ರವಾಗಿಡಿ ಎಂದ ಸರ್ಕಾರವೇ 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟು, ಕಿರಾಣಿ ಅಂಗಡಿಯವನೂ ಲೈಸೆನ್ಸಿಲ್ಲದೆ ವೈಫೈ ಹಂಚಬಹುದು ಎಂದಿತು. ಅಲ್ಲಿ ಬಳಕೆದಾರನ ಗುರುತು ಪರೀಕ್ಷೆಯ ಹೊಣೆ ಬೇರೆಯವರದು. ಮನೆಯ ವೈಫೈಗೆ ಆ ಅನುಕೂಲವಿಲ್ಲ.

ಈ ಪಂಥವನ್ನು ಬರೀ ಪಾಶ್ಚಾತ್ಯ ಹುಚ್ಚಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ತರಗತಿ ಕೇಳಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಪಿ.ಪಿ. ನಂಬರಿನ ಕಾಲ ಮರಳಿ ಬಂದಂತಿತ್ತು. ಪಾಸ್‌ವರ್ಡ್ ಕೊಡದವರಿಗೆ ಕಾರಣಗಳಿದ್ದವು. ಆದರೆ ಕೊಟ್ಟವರ ಕಾರಣ ಅದಕ್ಕಿಂತ ದೊಡ್ಡದಿತ್ತು.

ಕೀಲಿ ಯಾರ ಸೊಂಟದಲ್ಲಿ?

ಮೇಲಿನ ನಾಲ್ಕೈದು ವಾದಗಳಲ್ಲೂ ಮನೆ ಎಂದರೆ ಒಂದೇ ಮನಸ್ಸಿನ ಒಬ್ಬ ವ್ಯಕ್ತಿ ಎಂಬ ಎಣಿಕೆಯಿದೆ. ಹಾಗಿರುವ ಮನೆ ಎಲ್ಲಿದೆ? ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿದ್ದವರು ಮಗನ ಫೋನನ್ನು ರಾತ್ರಿ ಹತ್ತಕ್ಕೆ ನಿಲ್ಲಿಸಬಹುದು, ಮಗಳದನ್ನು ಎಂಟಕ್ಕೇ ನಿಲ್ಲಿಸಬಹುದು, ಸೊಸೆಯ ಫೋನು ಯಾವಾಗ ಮನೆಯಲ್ಲಿತ್ತು ಯಾವಾಗ ಇರಲಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ನೋಡಬಹುದು. ಪಟ್ಟಿ ಕಳ್ಳನ ಮೇಲೆ ಕೆಲಸ ಮಾಡದಿದ್ದರೂ ಮನೆಯವರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. 2019ರಲ್ಲಿ ಕೇರಳ ಹೈಕೋರ್ಟು, ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಸಂಜೆ ಫೋನು ಕಸಿಯುವ ನಿಯಮದ ವಿಚಾರಣೆಯಲ್ಲಿ, ಇಂಟರ್‌ನೆಟ್ ಬಳಕೆ ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಆ ಮಾತು ಹಾಸ್ಟೆಲಿನ ಗೇಟು ದಾಟಿ ಮನೆಯ ಹೊಸ್ತಿಲೊಳಗೆ ಬರುತ್ತದೆಯೇ?

ಮನೆಯವರೆಲ್ಲರ ಮೇಲೆ ಇನ್ನೊಬ್ಬ ಯಜಮಾನನೂ ಇದ್ದಾನೆ. ಕಂಪನಿ ಕೊಟ್ಟ ರೂಟರುಗಳನ್ನು ದೂರದಿಂದಲೇ ತಿದ್ದಲು ಟಿಆರ್-069 ಎಂಬ ವ್ಯವಸ್ಥೆ 2004ರಿಂದ ಇದೆ. ಕೆಟ್ಟಾಗ ಅದು ವರ, ಮನೆಗೆ ಯಾರೂ ಬರದೆ ರಿಪೇರಿಯಾಗುತ್ತದೆ. ಆದರೆ ಪೂರ್ತಿ ಅಧಿಕಾರದ ಪಾಸ್‌ವರ್ಡ್ ಬಹಳ ಸಲ ಗ್ರಾಹಕನಿಗೆ ಸಿಗುವುದೇ ಇಲ್ಲ. ಒಮ್ಮೆ ನಾನೇ ನಮ್ಮ ಮನೆಯ ರೂಟರಿನ ಡಬ್ಲ್ಯುಪಿಎಸ್ ಆರಿಸಲು ಹೋಗಿ, ಆ ಪುಟ ನನಗೆ ತೆರೆಯದೆ, ಫೈಬರ್ ಹಾಕಿದ ಹುಡುಗನಿಗೆ ಫೋನು ಮಾಡಿದೆ. 'ಸರ್, ಅದು ನಿಮಗೆ ಬರಲ್ಲ' ಎಂದ. ಬರುವುದಿಲ್ಲ ಎಂದರೆ ತಿಳಿಯುವುದಿಲ್ಲ ಎಂದೋ ಸಿಗುವುದಿಲ್ಲ ಎಂದೋ, ಕೇಳುವ ಮೊದಲೇ ಫೋನಿಟ್ಟ.

ಇನ್ನೂ ಬಗೆಹರಿಯದವು

ಫೋನು ಬೀದಿಗೆ ಅಪರಿಚಿತವಾಗಿರಬೇಕು, ಮನೆಗೆ ಪರಿಚಿತವಾಗಿರಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ ಎಂಬುದಕ್ಕಾಗಿಯೇ ಐಇಇಇ ಸಂಸ್ಥೆ 802.11ಬಿಎಚ್ ಎಂಬ ತಿದ್ದುಪಡಿ ರೂಪಿಸಿದೆ. ಅದು ನಮ್ಮ ಗೂಡಿನ ಅಗ್ಗದ ರೂಟರಿಗೆ ಇಳಿಯುವವರೆಗೆ ಹಾಜರಿ ಪುಸ್ತಕದಲ್ಲಿ ಗೆರೆಗಳು ಇದ್ದೇ ಇರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡುವ ಉಪಾಯ ಆಫೀಸುಗಳಲ್ಲಿ ಹಳೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಭರವಸೆಯದು. ಮನೆಯ ರೂಟರುಗಳಿಗೆ ಅದು ಇನ್ನೂ ಅಪರೂಪ. ಟಿವಿ, ಫಿಲ್ಟರು, ಬಲ್ಬುಗಳನ್ನು ಮನೆಯವರೆಂದು ಎಣಿಸಬೇಕೋ ಅತಿಥಿಗಳೆಂದೋ, ಯಾರೂ ಒಮ್ಮತಕ್ಕೆ ಬಂದಿಲ್ಲ.

ಕಾನೂನಿನ ಮಾತೂ ಅರ್ಧಕ್ಕೇ ನಿಂತಿದೆ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಜಾಲಕ್ಕೆ ನುಗ್ಗಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಿವೆ. ಅಪ್ರಾಮಾಣಿಕ ಉದ್ದೇಶವಿದ್ದರೆ ಮೂರು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ. ಆದರೆ ಒಪ್ಪಿಗೆ ಕೊಟ್ಟು ಒಳಗೆ ಬಿಟ್ಟವನ ಹೊಣೆ ಎಷ್ಟು? ಸೈಬರ್ ಕೆಫೆಯನ್ನು ಆ ಕಾಯ್ದೆ 'ಮಧ್ಯವರ್ತಿ' ಎಂದು ಹೆಸರಿಸಿದೆ. ಮೇಲಿನ ಮನೆಯ ಬಾಡಿಗೆದಾರನಿಗೆ ಪಾಸ್‌ವರ್ಡ್ ಕೊಟ್ಟ ಕೆಳಗಿನ ಮನೆಯವರನ್ನು ಹಾಗೆ ಕರೆಯಬಹುದೇ ಎಂದು ಅದು ಬಿಡಿಸಿ ಹೇಳುವುದಿಲ್ಲ.

ಬಳ್ಳಾರಿಯಲ್ಲಿ ಪರಿಚಯದವರೊಬ್ಬರು ಮೇಲಿನ ಮನೆಯನ್ನು ವೈದ್ಯಕೀಯ ಓದುವ ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಕರಾರು ಪತ್ರ ಬರೆಸಲು ಕೋರ್ಟಿನ ಬಳಿ ಹೋದಾಗ ನಾನೂ ಜೊತೆಗಿದ್ದೆ. ನೀರಿಗೆ ಇಷ್ಟು, ಕರೆಂಟಿಗೆ ಬೇರೆ ಮೀಟರು, ಸುಣ್ಣ ಬಣ್ಣ ಬಿಡುವಾಗ ಬಾಡಿಗೆದಾರರದು ಎಂದೆಲ್ಲ ಟೈಪಿಸುತ್ತ ಬಂದ ಬಾಂಡ್ ರೈಟರ್ ಕೊನೆಗೆ ಬೆರಳು ನಿಲ್ಲಿಸಿ ಕೇಳಿದ: 'ವೈಫೈ ಕೊಡ್ತೀನಿ ಅಂದ್ರಲ್ಲ, ಅದನ್ನ ಏನಂತ ಬರೀಲ್ರಿ?' ಮನೆಯವರು ನನ್ನ ಮುಖ ನೋಡಿದರು.